ನೆತ್ತರಿನ ಗುರುತು ಹಿಡಿಯುವ ಬೆಳಕು

ನೋಡನೋಡುತ್ತಿದ್ದಂತೆ ಮಾಯವಾಯಿತು! ಮಂಡಿಯ ಪಕ್ಕದಲ್ಲಿ, ಚರ್ಮದಡಿ ಕವಲೊಡೆದು ಹರಡಿದ್ದ ಕೆಂಪು-ನೀಲಿ ಗೆರೆಗಳ ಪೈಕಿ ಒಂದು. ‘ಟಕ್’ ಎಂದು ಯಂತ್ರದ ಸಣ್ಣ ಸದ್ದು ಕೇಳಿದ್ದೇ ತಡ, ಗೆರೆ ಇದ್ದ ಜಾಗ ಬರಿದಾಗಿತ್ತು. ಕತ್ತರಿಯಿಲ್ಲ, ಸೂಜಿಯಿಲ್ಲ, ಹೊಲಿಗೆಯಿಲ್ಲ. ಒಂದು ಹನಿ ನೆತ್ತರೂ ಹೊರಬರಲಿಲ್ಲ. ಮೇಲಿನ ಚರ್ಮದಲ್ಲಿ ಒಂದು ಗೀರೂ ಇಲ್ಲ. ಪಕ್ಕದ ಇನ್ನೊಂದು ಗೆರೆ ಮಾಯವಾಗಲಿಲ್ಲ, ಕಪ್ಪಿಟ್ಟು ನಿಂತಿತು. “ಇದೂ ಹೋಗ್ತದೆ, ಸ್ವಲ್ಪ ನಿಧಾನ” ಎಂದರು ವೈದ್ಯೆ.

ಮುಂಬೈಯ ಪಶ್ಚಿಮ ಉಪನಗರದ ಒಂದು ಚರ್ಮ ಚಿಕಿತ್ಸಾಲಯದಲ್ಲಿ, ವೈದ್ಯೆಯ ಮತ್ತು ರೋಗಿಯ ಒಪ್ಪಿಗೆ ಪಡೆದು, ಇದನ್ನು ನೋಡುತ್ತ ನಿಂತಿದ್ದೆ. ಮಂಚದ ಮೇಲಿದ್ದವರು ನಮ್ಮ ಕರಾವಳಿ ಕಡೆಯ ಹಿರಿಯ ಮಹಿಳೆ; ವರ್ಷಗಟ್ಟಲೆ ಶಾಲೆಯಲ್ಲಿ ನಿಂತೇ ಪಾಠ ಹೇಳಿದವರು. ಕೋಣೆಯಲ್ಲಿದ್ದ ಎಲ್ಲರ ಕಣ್ಣಿಗೂ ರಕ್ಷಣಾ ಕನ್ನಡಕ. ಕಾಲಿಗೆ ತಣ್ಣನೆಯ, ತಿಳಿಯಾದ ಜೆಲ್ ಬಳಿದಿದ್ದರು. ವೈದ್ಯೆ ಹಿಡಿದಿದ್ದ ಹಿಡಿಕೆಯ ತುದಿಯಲ್ಲಿ ಬಣ್ಣವಿಲ್ಲದ ನೀಲಮಣಿಯ ಬಿಲ್ಲೆಯೊಂದಿತ್ತು. ಅದನ್ನು ಯಂತ್ರವೇ ಸದಾ ತಂಪಾಗಿ ಇಟ್ಟಿರುತ್ತದೆ. ಆ ಬಿಲ್ಲೆಯನ್ನು ಅವರು ಗೆರೆಯ ಮೇಲೆ ಎಷ್ಟು ಹಗುರವಾಗಿ ಇಡುತ್ತಿದ್ದರೆಂದರೆ, ಚರ್ಮ ತಗ್ಗುತ್ತಲೇ ಇರಲಿಲ್ಲ. ಯಾಕೆಂದು ಕೇಳಿದೆ. “ಒತ್ತಿದರೆ ನರದಲ್ಲಿರುವ ರಕ್ತ ಆಚೀಚೆ ಸರಿದುಹೋಗ್ತದೆ. ರಕ್ತವೇ ಇಲ್ಲದಿದ್ದರೆ ಬೆಳಕಿಗೆ ಗುರಿ ಎಲ್ಲಿ?” ಎಂದರು.

“ನೋವಾಯಿತಾ ಅಕ್ಕ?” ಎಂದು ಮಂಚದ ಕಡೆ ತಿರುಗಿದೆ. “ಚುರುಕ್ ಅಂತದೆ ಮಾರಾಯ್ರೆ, ಮತ್ತೆ ಏನೂ ಇಲ್ಲ” ಎಂದರು ಅವರು.

ಇನ್ನೂ ದೊಡ್ಡ ಅಚ್ಚರಿ ಮುಂದಿತ್ತು. ಇಷ್ಟೆಲ್ಲ ಮಾಡಿದ ಆ ಬೆಳಕು ಯಾರ ಕಣ್ಣಿಗೂ ಬೀಳಲೇ ಇಲ್ಲ! ಚರ್ಮದ ಮೇಲೆ ಕಂಡ ಪುಟ್ಟ ಕೆಂಪು ಚುಕ್ಕೆ ಬರೀ ಗುರಿ ತೋರಿಸುವ ದೀಪ. ಕೆಲಸ ಮಾಡಿದ ಲೇಸರ್‌ನ ತರಂಗಾಂತರ 1064 ನ್ಯಾನೋಮೀಟರ್. ನಮ್ಮ ಕಣ್ಣಿನ ಶಕ್ತಿ ಸುಮಾರು 700ಕ್ಕೇ ಮುಗಿಯುತ್ತದೆ. ಅಂದರೆ ಕಾಣದ ಬೆಳಕೊಂದು ಚರ್ಮದ ಪದರಗಳನ್ನು ದಾಟಿ, ಒಳಗಿನ ಕೂದಲೆಳೆ ಗಾತ್ರದ ನಾಳವನ್ನು ಹುಡುಕಿ, ಅದನ್ನಷ್ಟೇ ಬೇಯಿಸಿ ಮುಚ್ಚಿತು. ದಾರಿಯಲ್ಲಿ ಸಿಕ್ಕ ಬೇರೆ ಯಾವುದನ್ನೂ ಸುಡಲಿಲ್ಲ. ಇದು ರಕ್ತ, ಇದು ಚರ್ಮ ಎಂಬ ಭೇದ ಬೆಳಕಿಗೆ ತಿಳಿದದ್ದು ಹೇಗೆ?

ಕೆಂಪು ಬಣ್ಣವೇ ವಿಳಾಸ

ಉತ್ತರ ರಕ್ತದ ಕೆಂಪಿನಲ್ಲೇ ಇದೆ. ನಮ್ಮ ಒಂದೊಂದು ಕೆಂಪು ರಕ್ತಕಣದಲ್ಲೂ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ. ಎಲ್ಲ ಬಣ್ಣದ ಬೆಳಕೂ ಅವುಗಳಿಗೆ ಸಮಾನವಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ 418 ನ್ಯಾನೋಮೀಟರ್‌ನ ನೇರಳೆಯನ್ನೂ 542ರ ಹಸಿರನ್ನೂ 577ರ ಹಳದಿಯನ್ನೂ ಬಕಬಕನೆ ನುಂಗುತ್ತದೆ. ಕೆಂಪನ್ನು ಬಹುಪಾಲು ಬಿಟ್ಟುಕೊಡುತ್ತದೆ. ಅದಕ್ಕೇ ರಕ್ತ ಕೆಂಪು. ನುಂಗಿದ ಬೆಳಕು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಶಾಖವಾಗುತ್ತದೆ. ಹಾಗಾದರೆ ರಕ್ತ ಹೆಚ್ಚಾಗಿ ನುಂಗುವ, ಸುತ್ತಲಿನ ಚರ್ಮ ಅಷ್ಟಾಗಿ ನುಂಗದ ಬಣ್ಣವೊಂದನ್ನು ಆರಿಸಿ ಕಳಿಸಿದರೆ ಸಾಕು. ಬೆಳಕನ್ನು ರಕ್ತವೇ ಬರಮಾಡಿಕೊಳ್ಳುತ್ತದೆ!

ಕೇಳುವುದಕ್ಕೆ ಸರಳ. ಆದರೆ 1970ರ ದಶಕದಲ್ಲಿ ಆರ್ಗಾನ್ ಲೇಸರ್‌ನ ನೀಲಿ-ಹಸಿರು ಬೆಳಕಿನಿಂದ ಇದನ್ನೇ ಮಾಡಹೊರಟ ವೈದ್ಯರಿಗೆ ಕಹಿ ಅನುಭವವಾಯಿತು. ನಾಳವೇನೋ ಮುಚ್ಚುತ್ತಿತ್ತು, ಆದರೆ ಸುತ್ತಲಿನ ಚರ್ಮವೂ ಬೆಂದು ಅನೇಕರಿಗೆ ಕಲೆ ಉಳಿಯಿತು. ಬಣ್ಣ ಸುಮಾರಾಗಿ ಸರಿಯಿತ್ತು, ಆದರೂ ತಪ್ಪಾಗುತ್ತಿದ್ದುದು ಎಲ್ಲಿ?

ಅದನ್ನು ಕಂಡುಹಿಡಿದವರು ಅಮೆರಿಕದ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಷ್. 1983ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಪ್ರಬಂಧ ಚರ್ಮ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಬಣ್ಣವೊಂದೇ ಸಾಲದು, ಸಮಯವೂ ಬೇಕು ಎಂದರು ಅವರು. ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ಎದುರಿಗೆ ಬಂದಾಗ ನಾವೆಲ್ಲ ಉರಿಯ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಕೈ ಸುಡುವುದಿಲ್ಲ, ಅಲ್ಲೇ ನಿಲ್ಲಿಸಿದರೆ ಸುಡದೆ ಬಿಡುವುದಿಲ್ಲ. ಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯಲು ಹೊತ್ತು ಬೇಕು. ನಾಳ ಕಾದು, ಅದರ ಬಿಸಿ ಆಚೆಯ ಚರ್ಮಕ್ಕೆ ಹರಿಯುವಷ್ಟರಲ್ಲೇ ಬೆಳಕನ್ನು ಆರಿಸಿಬಿಟ್ಟರೆ ಬೇಯುವುದು ನಾಳ ಮಾತ್ರ.

ಆ ಹೊತ್ತು ಎಷ್ಟು ಎಂಬುದಕ್ಕೂ ಲೆಕ್ಕವಿದೆ, ನಾಳದ ಅಗಲವೇ ಅದನ್ನು ಹೇಳುತ್ತದೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಅಗಲದ ನಾಳವು ತನ್ನ ಬಿಸಿಯನ್ನು ಹೊರಕ್ಕೆ ಬಿಡಲು ಸುಮಾರು 5 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಅಗಲ ಎರಡು ಪಟ್ಟಾದರೆ ಹೊತ್ತು ನಾಲ್ಕು ಪಟ್ಟು; ಮೂರು ಪಟ್ಟಾದರೆ ಒಂಬತ್ತು ಪಟ್ಟು. ಮೂಗಿನ ಬದಿಯ ಎಳೆಗೆ ಒಂದು ಅವಧಿ, ತೊಡೆಯ ಮೇಲಿನ ದಪ್ಪ ನೀಲಿ ಗೆರೆಗೆ ಇನ್ನೊಂದು. ವೈದ್ಯೆ ಪ್ರತಿ ಗೆರೆಗೂ ಯಂತ್ರದ ಪರದೆಯ ಮೇಲೆ ಅಂಕಿ ಬದಲಿಸುತ್ತಿದ್ದುದು ಅದಕ್ಕೇ. ಕಣ್ಣು ಮಿಟುಕಿಸಲು ಹಿಡಿಯುವ ಸಮಯದ ಒಂದು ಚೂರಿನಲ್ಲಿ ಇಡೀ ಚಿಕಿತ್ಸೆ ನಡೆದುಹೋಗುತ್ತದೆ!

ಹುಟ್ಟುತ್ತಲೇ ಮುಖದ ಮೇಲೆ ದಟ್ಟ ಕೆಂಪು ಮಚ್ಚೆ ಹೊತ್ತು ಬರುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಸಾವಿರಕ್ಕೆ ಸುಮಾರು ಮೂರು ಶಿಶುಗಳಲ್ಲಿ ಕಾಣುವ ಈ ಮಚ್ಚೆ ಹಿಗ್ಗಿದ ಸೂಕ್ಷ್ಮ ರಕ್ತನಾಳಗಳ ಗುಂಪು. ಬಾಸ್ಟನ್‌ನ ವಿಚಾರದಿಂದ ಹುಟ್ಟಿದ ಹಳದಿ ಬೆಳಕಿನ ಡೈ ಲೇಸರ್ ಮೊದಲು ನೆರವಿಗೆ ಬಂದದ್ದು ಇಂಥವರಿಗೇ. ಆ ಎಳೆಯ ಕೆನ್ನೆಗಳಿಗೆ ಕಲೆಯಾಗದಂತೆ ಬಣ್ಣ ತಿಳಿಯಾಗಿಸುವುದು ಅಲ್ಲಿಂದ ಮುಂದೆ ಸಾಧ್ಯವಾಯಿತು. ಇಂದು ನಾವು ಕಾಲಿನ ಗೆರೆಗೆ, ಮೂಗಿನ ಎಳೆಗೆ ಬಳಸುವ ವಿದ್ಯೆಯೆಲ್ಲ ಅದರ ಮುಂದುವರಿಕೆ.

ನಾಳ ಬೆಂದ ಮೇಲೆ ಏನಾಗುತ್ತದೆ? ಒಳಗಿನ ರಕ್ತ ಹೆಪ್ಪುಗಟ್ಟುತ್ತದೆ, ಗೋಡೆ ಕುಗ್ಗಿ ಅಂಟಿಕೊಳ್ಳುತ್ತದೆ. ಇನ್ನೊಂದು ಬೆರಗು ಕೇಳಿ: ಕಾದ ಹಿಮೋಗ್ಲೋಬಿನ್‌ನ ಒಂದಂಶ ಮೆಟ್‌ಹಿಮೋಗ್ಲೋಬಿನ್ ಎಂಬ ಬೇರೆ ರೂಪಕ್ಕೆ ತಿರುಗುತ್ತದೆ, ಅದು 1064ರ ಬೆಳಕನ್ನು ಮೊದಲಿಗಿಂತ ಹಲವು ಪಟ್ಟು ಹೆಚ್ಚು ನುಂಗುತ್ತದೆ. ಮೊದಲು ಹಳದಿ ಬೆಳಕು, ಅದರ ಬೆನ್ನಿಗೇ ಕಾಣದ ಬೆಳಕು ಕಳಿಸುವ ಜೋಡಿ ಯಂತ್ರಗಳು ಹುಟ್ಟಿದ್ದು ಈ ಗುಟ್ಟಿನಿಂದ. ಆಮೇಲಿನ ಕೆಲಸ ದೇಹದ್ದೇ. ಬಿಳಿ ರಕ್ತಕಣಗಳ ಬಳಗದ ಭಕ್ಷಕ ಕೋಶಗಳು ಬಂದು, ವಾರ-ತಿಂಗಳುಗಳ ಅವಧಿಯಲ್ಲಿ ಆ ಸತ್ತ ನಾಳವನ್ನು ತಿಂದು ತೇಗುತ್ತವೆ. ರಕ್ತ ಬೇರೆ ನಾಳಗಳಲ್ಲಿ ದಾರಿ ಮಾಡಿಕೊಳ್ಳುತ್ತದೆ. ಗೆರೆಯನ್ನು ನಿಜವಾಗಿ ಅಳಿಸುವುದು ನಮ್ಮದೇ ಒಡಲು. ಬೆಳಕು ಅದಕ್ಕೆ ಅಪ್ಪಣೆ ಕೊಡುತ್ತದೆ, ಅಷ್ಟೆ.

ನಮ್ಮ ಕಂದು ಚರ್ಮದ ಪರೀಕ್ಷೆ

ನಮ್ಮ ಓದುಗರು ಅತಿ ಗಮನವಿಟ್ಟು ಓದಬೇಕಾದ ಭಾಗ ಇದು. ಬೆಳಕಿನ ದಾರಿಯಲ್ಲಿ ರಕ್ತಕ್ಕಿಂತ ಮೊದಲು ಎದುರಾಗುವುದು ಮೆಲನಿನ್, ನಮ್ಮ ಚರ್ಮಕ್ಕೆ ಕಂದು ಬಣ್ಣ ಕೊಡುವ ವಸ್ತು. ಅದೂ ಬೆಳಕನ್ನು ನುಂಗುತ್ತದೆ. ಹಾರ್ವರ್ಡ್‌ನ ಚರ್ಮತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಆರಂಭಿಸಿದ, ಈಗ ಚರ್ಮವನ್ನು ಆರು ಬಗೆಯಾಗಿ ವಿಂಗಡಿಸುವ ಪಟ್ಟಿಯಲ್ಲಿ ನಮ್ಮಲ್ಲಿ ಹೆಚ್ಚಿನವರು ನಾಲ್ಕು, ಐದು, ಆರನೆಯ ಬಗೆಗೆ ಸೇರುತ್ತೇವೆ. ಬಿಳಿ ಚರ್ಮದವರ ಮೇಲೆ ಸಲೀಸಾಗಿ ಓಡಾಡುವ 532ರ ಹಸಿರು ಲೇಸರ್ ನಮ್ಮ ಮೇಲೆ ಬಿದ್ದರೆ, ಮೇಲ್ಪದರದ ಮೆಲನಿನ್ನೇ ಅದನ್ನು ತಡೆದು ನುಂಗಿ ಕಾಯಬಹುದು. ಆಗ ಗೆರೆ ಹೋಗುವ ಬದಲು ಬೊಬ್ಬೆ ಏಳುತ್ತದೆ, ಕಪ್ಪು ಕಲೆಯೋ ಬಿಳಿ ಕಲೆಯೋ ತಿಂಗಳುಗಟ್ಟಲೆ ಉಳಿಯುತ್ತದೆ.

ಇಲ್ಲೇ 1064 ನಮ್ಮ ಪಾಲಿಗೆ ವರವಾಗುವುದು. ತರಂಗಾಂತರ ಹೆಚ್ಚುತ್ತ ಹೋದಂತೆ ಮೆಲನಿನ್‌ನ ಹಸಿವು ಇಳಿಯುತ್ತ ಹೋಗುತ್ತದೆ. 1064ಕ್ಕೆ ಬರುವಷ್ಟರಲ್ಲಿ ಅದು ಬಹಳ ಕಡಿಮೆ. ರಕ್ತವೂ ಆ ಬೆಳಕನ್ನು ಹಳದಿಯಷ್ಟು ಆಸೆಯಿಂದ ನುಂಗುವುದಿಲ್ಲ, ಆದರೆ ಸಾಕಷ್ಟು ನುಂಗುತ್ತದೆ. ಮೇಲಾಗಿ ಆ ಬೆಳಕು ಮಿಲಿಮೀಟರುಗಳಷ್ಟು ಆಳಕ್ಕೆ ಇಳಿಯಬಲ್ಲದು. ಕಾಲಿನ ನಾಳಗಳು ಮುಖದ ನಾಳಗಳಿಗಿಂತ ಆಳದಲ್ಲಿರುವುದರಿಂದ ಇದು ಎರಡು ಪಟ್ಟು ಲಾಭ. ರಕ್ತ ಕಡಿಮೆ ನುಂಗುವ ಕಾರಣ ಶಕ್ತಿಯನ್ನು ಹೆಚ್ಚಿಸಬೇಕಾಗುತ್ತದೆ. ಅದರಿಂದಾಗಿ ನುರಿತ ಕೈ ಬೇಕೇ ಬೇಕು. ಒಂದೇ ಜಾಗಕ್ಕೆ ಮೇಲಿಂದ ಮೇಲೆ ಬೆಳಕು ಬಿಟ್ಟರೆ ಹುಣ್ಣಾಗಬಹುದು.

ಮೇಲ್ಪದರವನ್ನು ಕಾಯಲು ಇನ್ನೊಂದು ಉಪಾಯವಿದೆ. ನಾನು ಕಂಡ ನೀಲಮಣಿ ಬಿಲ್ಲೆ ಚರ್ಮವನ್ನು ಮೊದಲೇ ತಂಪು ಮಾಡಿತ್ತು. ಇನ್ನು ಕೆಲವು ಯಂತ್ರಗಳು ಬೆಳಕು ಬರುವ ಕೆಲವೇ ಮಿಲಿಸೆಕೆಂಡು ಮುಂಚೆ ಟೆಟ್ರಾಫ್ಲೋರೋಈಥೇನ್ ದ್ರವವನ್ನು ಚಿಮುಕಿಸುತ್ತವೆ. ಕಾರಿನ ಎ.ಸಿ.ಯಲ್ಲಿ ಬಳಸುತ್ತ ಬಂದ ಅದೇ ದ್ರವ! ಮೈನಸ್ 26 ಡಿಗ್ರಿಯಲ್ಲೇ ಕುದಿಯುವ ಅದು ಚರ್ಮದ ಮೇಲೆ ಬಿದ್ದೊಡನೆ ಆವಿಯಾಗಿ, ಮೇಲ್ಪದರದ ಬಿಸಿಯನ್ನು ಹೊತ್ತೊಯ್ಯುತ್ತದೆ. ಆ ಚಳಿ ಕೆಳಗಿನ ನಾಳಕ್ಕೆ ತಲುಪುವಷ್ಟರಲ್ಲಿ ಬೆಳಕು ಬಂದು ಕೆಲಸ ಮುಗಿಸಿರುತ್ತದೆ. ಮೇಲೆ ಹಿಮ, ಒಂದೆರಡು ಮಿಲಿಮೀಟರ್ ಕೆಳಗೆ ಬೆಂಕಿ. ಎರಡೂ ಒಂದೇ ಕ್ಷಣದಲ್ಲಿ, ಒಂದೇ ಕಾಲಿನಲ್ಲಿ!

1964ರ ತ್ರಾಂಬೆ

ಈ ಬೆಳಕಿನ ಜಾತಕ ಬಿಡಿಸುತ್ತ ಹೋದಂತೆ ನನ್ನ ಮೈ ಜುಮ್ಮೆಂದಿತು. ಐನ್‌ಸ್ಟೀನ್ 1917ರಲ್ಲಿ ಇದರ ತತ್ವ ಹೇಳಿದರು. 1960ರ ಮೇ 16ರಂದು ಕ್ಯಾಲಿಫೋರ್ನಿಯಾದಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಬೆಳಗಿಸಿದರು. ಬಳಿಕ ಬಂದ 1964, ಬೆಳಕಿನ ಸುಗ್ಗಿಯ ವರ್ಷ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ನಿಯೋಡಿಮಿಯಮ್-ಯಾಗ್ ಲೇಸರ್ ಹುಟ್ಟಿತು. ಇಂದು ನಮ್ಮ ಕಾಲಿನ ಗೆರೆ ಅಳಿಸುವ 1064 ಅದೇ. ಅದೇ ಬೆಲ್ ಲ್ಯಾಬ್ಸ್‌ನಲ್ಲಿ, ಅದೇ ವರ್ಷ, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದರು. ಲೇಸರ್‌ಗೆ ತಳಹದಿ ಹಾಕಿದ ಟೌನ್ಸ್, ಬಾಸೊವ್, ಪ್ರೊಖೊರೊವ್ ಮೂವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ.

ಆ ವರ್ಷ ನಮ್ಮ ಮುಂಬೈ ಸುಮ್ಮನೆ ಕೂತಿರಲಿಲ್ಲ! ತ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ, ಅಂದರೆ ಇಂದಿನ ಬಿಎಆರ್‌ಸಿಯಲ್ಲಿ, 1964ರಲ್ಲೇ ಗ್ಯಾಲಿಯಮ್ ಆರ್ಸೆನೈಡ್ ಹರಳಿನ ಲೇಸರ್ ತಯಾರಾಯಿತು. ಭಾರತದ ಮೊದಲ ಲೇಸರ್ ಅದು. ಮುಂದೆ ಅದರ ಬೆಳಕಿನ ಮೇಲೆ ಸಂದೇಶ ಹೊರಿಸಿ ತ್ರಾಂಬೆಗೂ ಕೊಲಾಬಾದ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಗೂ ಸಂಪರ್ಕ ಕಲ್ಪಿಸಿದರು. ನಗರದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ನಡುವೆ ತಂತಿಯೇ ಇಲ್ಲದೆ! ಕೆಳಗೆ ಲೋಕಲ್ ಟ್ರೇನು ಹತ್ತಿಳಿಯುತ್ತಿದ್ದ ಜನರಿಗೆ ತಮ್ಮ ಊರು ಇಂಥದ್ದೊಂದು ಸಾಧಿಸಿದ ಸುಳಿವೂ ಇದ್ದಿರಲಾರದು.

ಕನ್ನಡಿಗರಿಗೆ ಇನ್ನೊಂದು ಹೆಮ್ಮೆ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿ ತ್ರಾಂಬೆಯಲ್ಲಿ ಬದುಕು ಸವೆಸಿದ ಡಾ. ರಾಜಾ ರಾಮಣ್ಣ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದಾಗ, 1984ರಲ್ಲಿ, ಇಂದೋರ್‌ನಲ್ಲಿ ಲೇಸರ್ ಮತ್ತು ವೇಗವರ್ಧಕಗಳಿಗೆಂದೇ ಒಂದು ಕೇಂದ್ರಕ್ಕೆ ಶಂಕುಸ್ಥಾಪನೆಯಾಯಿತು. ತ್ರಾಂಬೆಯ ಲೇಸರ್ ವಿಜ್ಞಾನಿಗಳೇ ಅಲ್ಲಿಗೆ ಹೋಗಿ ಅದನ್ನು ಕಟ್ಟಿ ಬೆಳೆಸಿದರು. 2005ರಿಂದ ಅದರ ಹೆಸರು ರಾಜಾ ರಾಮಣ್ಣ ಉನ್ನತ ತಂತ್ರಜ್ಞಾನ ಕೇಂದ್ರ. ದೇಶದ ಲೇಸರ್ ಸಂಶೋಧನೆಯ ದೊಡ್ಡ ಮನೆಯ ಬಾಗಿಲಲ್ಲಿ ನಮ್ಮವರೊಬ್ಬರ ಹೆಸರಿದೆ.

ನಿಂತೇ ದುಡಿಯುವ ಊರು

ದೇಶದ ಮೊದಲ ಲೇಸರ್ ಹುಟ್ಟಿದ ಮುಂಬೈಯಲ್ಲಿ ಅದರ ಅಗತ್ಯವಿರುವ ಕಾಲುಗಳಿಗೂ ಬರವಿಲ್ಲ. 1942ರಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಅವರಿಗಿಂತ ಮೊದಲೂ ಆಮೇಲೂ ಕರಾವಳಿಯಿಂದ ಬಂದ ಹುಡುಗರು ಕಾವಲಿಯ ಮುಂದೆ, ಮೇಜುಗಳ ನಡುವೆ, ತೊಳೆಯುವ ತೊಟ್ಟಿಯ ಬಳಿ ಹಗಲಿಡೀ ನಿಂತರು. ರಾತ್ರಿ ಶಾಲೆಗೆ ಹೋಗಿ ಕಲಿತರು. ಬಟ್ಟೆ ಗಿರಣಿಗಳ ಗಿರಣಗಾಂವ್‌ನಲ್ಲಿ ಮಗ್ಗಗಳ ಮುಂದೆ ಕಾರ್ಮಿಕರು ಪಾಳಿಗಟ್ಟಲೆ ನಿಂತರು. ಇವತ್ತಿಗೂ ನರ್ಸುಗಳು, ಟ್ರಾಫಿಕ್ ಪೊಲೀಸರು, ಅಂಗಡಿಯ ಹುಡುಗಿಯರು ನಿಂತೇ ದುಡಿಯುತ್ತಾರೆ, ದುಡಿದು ಮುಗಿಸಿ ಡೊಂಬಿವಲಿಗೋ ವಿರಾರ್‌ಗೋ ಹೋಗುವ ಟ್ರೇನಿನಲ್ಲಿ ಮತ್ತೆ ನಿಲ್ಲುತ್ತಾರೆ.

ನಿಂತಾಗ ಕಾಲಿನೊಳಗೆ ನಡೆಯುವುದೂ ಒಂದು ಕೌತುಕ. ಹೃದಯದಿಂದ ಇಳಿದು ಬಂದ ರಕ್ತ ನೆಲದ ಸೆಳೆತಕ್ಕೆ ಎದುರಾಗಿ ಮತ್ತೆ ಮೇಲೇರಬೇಕು. ಅಲ್ಲಾಡದೆ ನಿಂತವರ ಪಾದದ ಬಳಿಯ ರಕ್ತನಾಳದಲ್ಲಿ ಒತ್ತಡ ಪಾದರಸದ 80-90 ಮಿಲಿಮೀಟರಿನಷ್ಟಿರುತ್ತದೆ. ನಡೆಯತೊಡಗಿದರೆ ಸಾಕು, ಕೆಲವೇ ಹೆಜ್ಜೆಗಳಲ್ಲಿ ಅದು 30ರ ಆಸುಪಾಸಿಗೆ ಇಳಿದುಬಿಡುತ್ತದೆ! ಮೀನಖಂಡದ ಸ್ನಾಯು ಹೆಜ್ಜೆ ಹೆಜ್ಜೆಗೂ ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ. ತಳ್ಳಿದ್ದು ಕೆಳಗೆ ಜಾರದಂತೆ ನಾಳದೊಳಗೆ ಪುಟ್ಟ ಕವಾಟಗಳು ಮುಚ್ಚಿಕೊಳ್ಳುತ್ತವೆ. ಇಟಲಿಯ ಪಾದುವಾದಲ್ಲಿ ಫ್ಯಾಬ್ರಿಸಿಯಸ್ 1603ರಲ್ಲಿ ಈ ಕವಾಟಗಳನ್ನು ಚಿತ್ರ ಸಮೇತ ವಿವರಿಸಿದರು. ಅವು ಒಂದೇ ದಿಕ್ಕಿಗೆ ತೆರೆಯುವುದೇಕೆ ಎಂದು ಯೋಚಿಸಿದ ಅವರ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತ ದೇಹದಲ್ಲಿ ಸುತ್ತುತ್ತದೆಂಬುದನ್ನೇ ಸಾಧಿಸಿ ತೋರಿಸಿದರು.

ಈ ಕವಾಟಗಳು ಸೋತಾಗ ರಕ್ತ ಹಿಂದಕ್ಕೆ ಜಾರಿ ನಿಲ್ಲುತ್ತದೆ, ನಾಳ ಹಿಗ್ಗುತ್ತದೆ. ಒಂದು ಮಿಲಿಮೀಟರಿಗಿಂತ ಸಣ್ಣವು ಜೇಡನ ಕಾಲುಗಳಂತೆ ಹರಡುವ ಗೆರೆಗಳು, ಅಂದರೆ ಸ್ಪೈಡರ್ ವೇನ್ಸ್. ಮೂರು ಮಿಲಿಮೀಟರ್ ದಾಟಿ ಉಬ್ಬಿ ಹಾವಿನಂತೆ ಹೊರಳುವುದು ವೆರಿಕೋಸ್. ವೈದ್ಯರು ಈ ತೊಂದರೆಯನ್ನು 0ಯಿಂದ 6ರವರೆಗೆ ಶ್ರೇಣಿ ಮಾಡುತ್ತಾರೆ. ಸಣ್ಣ ಗೆರೆಗಳದ್ದು ಒಂದನೇ ಶ್ರೇಣಿ, ಮಾಯದ ಹುಣ್ಣು ಆರನೆಯದು. ನಿಲ್ಲುವ ಕೆಲಸವೊಂದೇ ಇದಕ್ಕೆ ಕಾರಣವಲ್ಲ. ಮನೆತನದಿಂದ ಬಂದ ಗುಣ, ಬಸಿರು, ಹೆಣ್ಣಿನ ಹಾರ್ಮೋನು, ವಯಸ್ಸು, ಬೊಜ್ಜು ಎಲ್ಲಕ್ಕೂ ಪಾಲಿದೆ. ಎಷ್ಟೋ ಜನರ ಸಣ್ಣ ಗೆರೆಗಳ ಹಿಂದೆ ಯಾವ ದೊಡ್ಡ ತೊಂದರೆಯೂ ಇರುವುದಿಲ್ಲ.

ನಾಳದೊಳಕ್ಕೇ ಇಳಿಯುವ ದೀಪ

ಆದರೆ ದೊಡ್ಡ ನಾಳದ ಕವಾಟ ಕೆಟ್ಟಿದ್ದು, ಅದರ ಒತ್ತಡದಿಂದಲೇ ಮೇಲಿನ ಗೆರೆಗಳು ಹುಟ್ಟುತ್ತಿದ್ದರೆ? ಮೇಲಿನದನ್ನಷ್ಟೇ ಅಳಿಸಿ ಫಲವಿಲ್ಲ, ಮತ್ತೆ ಹುಟ್ಟುತ್ತವೆ. ಅಲ್ಲಿ ಬೆಳಕು ಮಾಡುವ ಕೆಲಸ ಕೇಳಿದರೆ ಕಥೆಯೆನಿಸುತ್ತದೆ. ಮೊದಲು ಡಾಪ್ಲರ್ ಪರೀಕ್ಷೆ: ಶಬ್ದದ ಅಲೆಗಳಿಂದ ರಕ್ತ ಯಾವ ಕಡೆ ಹರಿಯುತ್ತಿದೆ, ಎಲ್ಲಿ ಹಿಂದಕ್ಕೆ ಜಾರುತ್ತಿದೆ ಎಂದು ಪರದೆಯ ಮೇಲೆ ಕೆಂಪು-ನೀಲಿಯಾಗಿ ಕಾಣುತ್ತದೆ. ಬಳಿಕ ಮಂಡಿಯ ಹತ್ತಿರ ಸೂಜಿಯಷ್ಟೇ ರಂಧ್ರ ಮಾಡಿ, ಅದರ ಮೂಲಕ ತೆಳು ಗಾಜಿನ ಎಳೆಯೊಂದನ್ನು ಕೆಟ್ಟ ನಾಳದೊಳಗೆ ತೂರಿಸಿ ತೊಡೆಸಂದಿನ ಹತ್ತಿರದವರೆಗೆ ಏರಿಸುತ್ತಾರೆ. ನಾಳದ ಸುತ್ತ ಅರಿವಳಿಕೆ ಬೆರೆಸಿದ ಉಪ್ಪುನೀರು ತುಂಬುತ್ತಾರೆ. ಅದು ನೋವನ್ನೂ ತಡೆಯುತ್ತದೆ, ಸುತ್ತಲಿನ ಅಂಗಾಂಶವನ್ನು ಬಿಸಿಯಿಂದಲೂ ಕಾಯುತ್ತದೆ. ಆಮೇಲೆ ಲೇಸರ್ ಹಚ್ಚಿ ಎಳೆಯನ್ನು ಮೆಲ್ಲನೆ ಕೆಳಗೆ ಎಳೆಯುತ್ತ ಬಂದರೆ, ಅದು ಬಂದ ದಾರಿಯುದ್ದಕ್ಕೂ ನಾಳ ಮುಚ್ಚುತ್ತ ಬರುತ್ತದೆ!

ಹಿಂದೆ ಇದಕ್ಕೆ ತೊಡೆಸಂದಿನಲ್ಲಿ ಕೊಯ್ದು ಇಡೀ ನಾಳವನ್ನು ಕಿತ್ತು ತೆಗೆಯುತ್ತಿದ್ದರು. ಸ್ಪೇನಿನ ಕಾರ್ಲೋಸ್ ಬೋನೆ 1999ರಲ್ಲಿ ಲೇಸರ್‌ನ ಈ ದಾರಿಯನ್ನು ವರದಿ ಮಾಡಿದರು. 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 810 ನ್ಯಾನೋಮೀಟರಿನ ಡಯೋಡ್ ಲೇಸರ್‌ಗೆ ಒಪ್ಪಿಗೆ ಕೊಟ್ಟಿತು. ಈಗ 1470ರ ಯಂತ್ರಗಳು ಹೆಚ್ಚು ಬಳಕೆಯಲ್ಲಿವೆ. ಈ ಡಯೋಡ್ ಲೇಸರ್‌ಗಳೆಲ್ಲ ಅರೆವಾಹಕ ಹರಳಿನ ಲೇಸರ್‌ಗಳು. 1964ರಲ್ಲಿ ತ್ರಾಂಬೆಯಲ್ಲಿ ಬೆಳಗಿದ್ದೂ ಅದೇ ವಂಶದ ದೀಪ! ಚಿಕಿತ್ಸೆ ಮುಗಿದ ಕೂಡಲೇ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಬಿಗಿ ಕಾಲುಚೀಲ ತೊಟ್ಟು ಅವರು ಅದೇ ದಿನ ಮನೆಗೆ ಹೋಗುತ್ತಾರೆ.

ಮುಖದ ಗೆರೆಗಳ ಹಿಂದಿನ ಮುಲಾಮು

ಮುಖದ ಮೇಲಿನ ಕೆಂಪು ಎಳೆಗಳಿಗೆ ಲೇಸರ್ ಅತ್ಯುತ್ತಮ ಚಿಕಿತ್ಸೆಗಳಲ್ಲೊಂದು. ಆದರೆ ನಮ್ಮಲ್ಲಿ ಆ ಎಳೆಗಳು ಹುಟ್ಟುವುದಕ್ಕೆ ಒಂದು ನೋವಿನ ಕಾರಣವಿದೆ. ಬೆಳ್ಳಗಾಗಲೆಂದು, ಬಂಗು ಹೋಗಲೆಂದು, ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚುವವರು ಎಷ್ಟು ಜನ! ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ. ಬರಬರುತ್ತ ಚರ್ಮ ತೆಳ್ಳಗಾಗಿ ಒಳಗಿನ ನಾಳಗಳು ಹಿಗ್ಗಿ ಕಾಣತೊಡಗುತ್ತವೆ. ಮುಲಾಮು ಬಿಟ್ಟರೆ ಉರಿ, ಹಚ್ಚಿದರೆ ಇನ್ನಷ್ಟು ಕೆಡುಕು. ಚರ್ಮತಜ್ಞರು ವರ್ಷಗಟ್ಟಲೆ ಕೂಗಿ ಹೇಳಿದ ಮೇಲೆ, 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಸಾಲಿಗೆ ಸೇರಿಸಿತು. ಆ ಟ್ಯೂಬನ್ನು ಬಿಡದೆ ಲೇಸರ್ ಮಾಡಿಸಿದರೆ ಬೆಳಕಿನ ಶ್ರಮವೂ ನಿಮ್ಮ ಹಣವೂ ನೀರುಪಾಲು. ಬಿಡುವುದನ್ನು ಕೂಡ ವೈದ್ಯರ ಮಾರ್ಗದರ್ಶನದಲ್ಲೇ ಬಿಡಬೇಕು.

ಬೆರಗಿನ ಜೊತೆ ಬುದ್ಧಿಯೂ ಇರಲಿ

ಇಷ್ಟು ಅದ್ಭುತವಾದುದಕ್ಕೂ ತನ್ನ ಮಿತಿ ಇದೆ. ಅದನ್ನು ತಿಳಿದರೆ ಇದರ ಬಗ್ಗೆ ಗೌರವ ಹೆಚ್ಚುತ್ತದೆ. ಕಾಲಿನ ಗೆರೆಗಳಿಗೆ ಇವತ್ತಿಗೂ ಮೊದಲ ಆಯ್ಕೆ ಬಹುಪಾಲು ಸ್ಕ್ಲಿರೋಥೆರಪಿಯೇ: ಪಾಲಿಡೋಕನಾಲ್‌ನಂಥ ಔಷಧವನ್ನು ಕೂದಲೆಳೆ ಸೂಜಿಯಿಂದ ನಾಳದೊಳಗೆ ಹಾಕಿ ಮುಚ್ಚುವುದು. ಸೂಜಿಯೂ ಹೊಗದಷ್ಟು ತೆಳುವಾದ ಎಳೆಗಳಿಗೆ, ಸೂಜಿಗೆ ಹೆದರುವವರಿಗೆ, ಸೂಜಿಮದ್ದು ಫಲಿಸದವರಿಗೆ ಲೇಸರ್ ಒದಗುತ್ತದೆ. ಒಂದೇ ಸಲಕ್ಕೆ ಎಲ್ಲ ಮುಗಿಯುವುದಿಲ್ಲ. ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕಾಗುತ್ತದೆ. ಕಾಲಿನ ಫಲಿತಾಂಶ ಪೂರ್ತಿ ತಿಳಿಯಲು ಎರಡು-ಮೂರು ತಿಂಗಳು ಬೇಕು. ಅಳಿದ ನಾಳ ಸಾಮಾನ್ಯವಾಗಿ ಮರಳುವುದಿಲ್ಲ, ಆದರೆ ಮೈಯ ಗುಣ ಹಾಗೆಯೇ ಇರುವುದರಿಂದ ಹೊಸವು ಹುಟ್ಟಬಹುದು. ಬಸುರಿಯರು ಕಾಯಬೇಕು, ಹೆರಿಗೆಯ ನಂತರ ಎಷ್ಟೋ ಗೆರೆಗಳು ತಾವಾಗಿಯೇ ಮಾಸುತ್ತವೆ.

ಹೋಗುವ ಮುನ್ನ ಕೆಲವು ಮಾತು ಮನಸ್ಸಿನಲ್ಲಿರಲಿ. ಕಾಲು ಭಾರವೆನಿಸುತ್ತಿದ್ದರೆ, ಸಂಜೆಗೆ ಪಾದ ಊದುತ್ತಿದ್ದರೆ, ಕಣಕಾಲಿನ ಬಳಿ ಚರ್ಮ ಕಪ್ಪಾಗುತ್ತಿದ್ದರೆ ಮೊದಲು ಡಾಪ್ಲರ್ ಮಾಡಿಸಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಗೆರೆಯ ಚಿಂತೆ ಬಿಟ್ಟು ಅಂದೇ ಆಸ್ಪತ್ರೆಗೆ ಓಡಿ. ಅದು ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಕೆಇಎಂ, ಸಯನ್, ನಾಯರ್, ಜೆಜೆಯಂಥ ಸರಕಾರಿ ಮತ್ತು ಪಾಲಿಕೆ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವೂ ಶಸ್ತ್ರಚಿಕಿತ್ಸಾ ವಿಭಾಗವೂ ಇವೆ. ಮೊದಲ ಸಲಹೆಗೆ ಅಲ್ಲಿಗೆ ಹೋಗಬಹುದು. ಲೇಸರ್‌ಗೆ ಮುನ್ನ ಮತ್ತು ನಂತರ ಕೆಲವು ವಾರ ಆ ಭಾಗಕ್ಕೆ ಬಿಸಿಲು ತಾಗದಿರಲಿ, ಬಿಸಿಲಿಗೆ ಕಂದಿದ ಚರ್ಮದಲ್ಲಿ ಕಲೆಯಾಗುವ ಅಪಾಯ ಹೆಚ್ಚು.

ವೈದ್ಯರ ಮುಂದೆ ಕುಳಿತಾಗ ಸಂಕೋಚ ಬಿಟ್ಟು ಕೇಳಿ: ನನಗೆ ಬಳಸುವ ಲೇಸರ್‌ನ ತರಂಗಾಂತರ ಎಷ್ಟು? ನನ್ನಂಥ ಬಣ್ಣದ ಚರ್ಮಕ್ಕೆ ಇದನ್ನು ಎಷ್ಟು ಜನರಿಗೆ ಮಾಡಿದ್ದೀರಿ? ಮೊದಲು ಒಂದು ಪುಟ್ಟ ಜಾಗದಲ್ಲಿ ಪರೀಕ್ಷಿಸಿ ನೋಡುತ್ತೀರಾ? ಯಂತ್ರ ಹಿಡಿಯುವವರು ಯಾರು? ಈ ನಾಲ್ಕಕ್ಕೆ ನೇರ ಉತ್ತರ ಕೊಡುವ ಚರ್ಮತಜ್ಞರೋ ರಕ್ತನಾಳ ತಜ್ಞರೋ ಸಿಕ್ಕರೆ ಧೈರ್ಯವಾಗಿ ಮುಂದುವರಿಯಿರಿ. ಉತ್ತರ ಕೊಡದೆ ರಿಯಾಯಿತಿಯ ಮಾತಾಡುವ ಪಾರ್ಲರಿನಲ್ಲಿ ಒಂದು ಕ್ಷಣವೂ ಕೂರಬೇಡಿ. ಸರಿಯಾದ ಬಣ್ಣ, ಸರಿಯಾದ ಹೊತ್ತು, ಬಲ್ಲವರ ಕೈ, ಈ ಮೂರೂ ಕೂಡಿದರೆ ಲೇಸರ್ ನಮ್ಮ ಚರ್ಮಕ್ಕೂ ಭದ್ರವಾದ ಚಿಕಿತ್ಸೆ. ಒಂದು ತಪ್ಪಿದರೂ ಅದು ಬರೀ ಸುಡುವ ಬೆಳಕು.